ಕಾರಿನ ಕಣ್ಣಿನ ಪೊರೆ

ಗುಂಡ್ಲುಪೇಟೆ, ಭಾನುವಾರ, ಜನವರಿ ೧೧

ಕಾರನ್ನು ಕೊಳ್ಳುವವರು ಬುಧವಾರ ಬರುವವರಿದ್ದರು. ಬರಹೇಳಿದವಳು ನಾನೇ. ದೀಪಾವಳಿಯಿಂದೀಚೆಗೆ ಸಂಜೆ ದೀಪ ಹಾಕಿದರೂ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ಚಾಮರಾಜನಗರದ ವೈದ್ಯರು ಕಣ್ಣು ಚೆನ್ನಾಗಿದೆ ಎಂದರೂ ನಾನು ನಂಬಲಿಲ್ಲ. ಅರವತ್ತಾರು ವರ್ಷದ ಕಣ್ಣಲ್ಲವೇ?

ಮಾರುವ ಮುನ್ನ ಮಾಸಿದ ಹೆಡ್‌ಲೈಟುಗಳನ್ನಾದರೂ ಶುಚಿಗೊಳಿಸೋಣವೆಂದು ಬೆಳಿಗ್ಗೆ ಕುಳಿತೆ. ಹಂಗಳದಿಂದ ಬಂದಿರುವ ತಂಗಿ ಚಿಕ್ಕಮಲ್ಲಮ್ಮ ಬಗ್ಗಿ ನೋಡಿ, "ಇದ್ಕೆ ಪೊರೆ ಬಂದದೆ ಕಣಕ್ಕ," ಎಂದಳು.

"ಪೊರೆ ಬರುವುದು ಕಣ್ಣಿಗೆ. ಇದಕ್ಕೆ ಮಬ್ಬು ಎನ್ನಬೇಕು."

"ಸರಿ ಬುಡು ಟೀಚ್ರಮ್ಮ, ಮಬ್ಬೇ ತಿಕ್ಕನ."

ಒದ್ದೆ ಉಪ್ಪುಕಾಗದದಿಂದ, ಮೊದಲು ಒರಟಾದುದು, ಬಳಿಕ ನಯವಾದುದು, ಮಧ್ಯಾಹ್ನದವರೆಗೆ ತಿಕ್ಕಿದೆವು. ಹಳದಿ ನೀರು ಇಳಿಯುತ್ತಲೇ ಇತ್ತು. ಪಾಲಿಷ್ ಹಚ್ಚಿ ಒರೆಸಿದಾಗ ಒಳಗಿನ ಬಲ್ಬು ಸ್ಫುಟವಾಗಿ ಕಂಡಿತು. ಅದು ಪೊರೆಯೇ, ತಂಗಿಯ ಪದವೇ ಸರಿ. ಅವಳಿಗೆ ಹೇಳಲಿಲ್ಲ. ತೋಳು ಇನ್ನೂ ನೋಯುತ್ತಿದೆ.

ಕತ್ತಲಾಗುತ್ತಲೇ ಕಾರಿನಲ್ಲಿ ಕುಳಿತು ದೀಪ ಹಾಕಿದೆ. ಎದುರು ಗೋಡೆಯ ಭಿತ್ತಿಪತ್ರದಲ್ಲಿ 'ಹಾರ್ದಿಕ ಸ್ವಾಗತ'ದ ಬದಲು 'ಆರ್ದಿಕ ಸ್ವಾಗತ' ಎಂದು ಅಚ್ಚಾಗಿದೆ! ಅಕ್ಷರದೋಷವೊಂದನ್ನು ಕಂಡು ನಾನು ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು.

"ನಿನ್ ಕಣ್ಗೇನೂ ಆಗಿಲ್ಲ ಕಣಕ್ಕ. ಸುಮ್ನೆ ಕಾರ್ ಮಾರ್ಬುಡ್ತಿದ್ದಲ್ಲ!" ಎಂದು ಚಿಕ್ಕಮಲ್ಲಮ್ಮ ನಕ್ಕಳು.

ಕೊಳ್ಳುವವರಿಗೆ ಫೋನ್ ಮಾಡಿ, ಬರುವುದು ಬೇಡವೆಂದು ವಿನಯದಿಂದಲೇ ತಿಳಿಸಿದೆ. ನಾಳೆ ತಂಗಿಯನ್ನು ಹಂಗಳಕ್ಕೆ ನಾನೇ ಬಿಟ್ಟುಬರುತ್ತೇನೆ. ಬೆಳಕಿರುವಾಗಲೇ ಹೊರಡೋಣವೆಂದು ಅವಳ ಹಟ. ಸಂಜೆ ಏಳು ಗಂಟೆಗೆ ಮೊದಲು ನಾನು ಬೀಗದ ಕೈ ಮುಟ್ಟುವುದಿಲ್ಲ.