ಎರಡನೆಯ ಚಿತ್ರದ ಕೆಳಗೆ ಒಂದು ಸಾಲು

ಶಿರಹಟ್ಟಿ
ಫೆಬ್ರವರಿ ೩೦, ೨೪೧೨

ಅವ್ವಾ ದಾಕ್ಷಾಯಿಣಿ,

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮ ಕಾಲದ ಫೆಬ್ರವರಿಗೆ ಮೂವತ್ತು ದಿನ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊ. ನೀನು ನನಗೆ ಹದಿನಾಲ್ಕು ತಲೆ ಹಿಂದಿನ ಅಜ್ಜಿ. ಆದರೆ ಈ ಪತ್ರ ತಲುಪುವಾಗ ನಿನಗೆ ಇಪ್ಪತ್ತೆರಡು, ನನಗೆ ಎಪ್ಪತ್ತೊಂಬತ್ತು. ಕಾಲಿಗೆ ಬೀಳಲೋ ತಲೆ ಸವರಲೋ ತಿಳಿಯದೆ, ಎರಡಕ್ಕೂ ಸಲ್ಲುವಂತೆ 'ಅವ್ವಾ' ಎಂದಿದ್ದೇನೆ. ಇದು ಹಿನ್ನಡೆ ಅಂಚೆ, ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜನ್ಮದಲ್ಲಿ ಒಂದೇ ಹಾಳೆ.

ನಾನು ಶಾಲೆ ಕಂಡವಳಲ್ಲ. ನೀನು ಕಾಲೇಜಿನಲ್ಲಿ ಬರೆದ ನೋಟ್‌ಬುಕ್ಕೇ ನನ್ನ ಗುರು. ಈಗ ಪ್ರತಿ ಅಡುಗೆಮನೆಯಲ್ಲೂ ಕೋಶಗನ್ನಡಿ ಇರುತ್ತದೆ. ಚಿಟಿಕೆ ಚರ್ಮ ಇಟ್ಟರೆ ಜೀವಕೋಶದ ಒಳಮನೆಯೆಲ್ಲ ಕಾಣುತ್ತದೆ. ಬೆಳಿಗ್ಗೆ ಹಿಟ್ಟು ನಾದುವ ಮುಂಚೆ ಮಕ್ಕಳ ಕೋಶ ನೋಡುವುದು ಹಿರಿಯರ ಕೆಲಸ. ನಿನ್ನ ಮೊದಲ ಚಿತ್ರದಲ್ಲಿ ಕೋಶದೊಳಗಿನ ಗಾಲ್ಜಿ ಎಂಬ ಭಾಗವನ್ನು ಪೇರಿಸಿಟ್ಟ ರೊಟ್ಟಿಗಳಂತೆ ಬರೆದಿದ್ದೀಯ. ಸುದ್ದಿ ಒಯ್ಯುವ ಪ್ರೋಟೀನುಗಳೇ ಆ ಅಡಕಲು ಬೀಳದಂತೆ ಹಿಡಿದಿರುತ್ತವೆ, ಅವು ಸುಮ್ಮನಾದರೆ ಅದು ಚೂರಾಗುತ್ತದೆ ಎಂದೂ ಬರೆದಿದ್ದೀಯ. ಎರಡನೆಯ ಚಿತ್ರದಲ್ಲಿ ಬರೀ ಚೂರುಗಳು. ಕೆಳಗೆ 'ಕಾಯಿಲೆ' ಎಂಬ ಒಂದೇ ಪದ.

ಆರು ವರ್ಷದ ಮರಿಮಗಳು ಮಿಂಚವ್ವ ಮೊಣಕಾಲು ತರಚಿಕೊಂಡು ಬಂದಳು. ಗಾಯದ ಅಂಚಿನ ಚರ್ಮವನ್ನು ಕನ್ನಡಿಗಿಟ್ಟೆ. ಎಷ್ಟೋ ಕೋಶಗಳಲ್ಲಿ ರೊಟ್ಟಿ ಚೂರುಚೂರು! ಗಾಯಕ್ಕೆ ಬಿಗಿಹನಿ ಹಾಕಿಬಿಟ್ಟೆ. ಆ ಪ್ರೋಟೀನುಗಳು ಹಿಡಿದ ಹಿಡಿತ ಬಿಡದಂತೆ ಮಾಡುವ ಮದ್ದು ಅದು. ಒಮ್ಮೆ ಒಳಹೊಕ್ಕರೆ ಇಳಿಯುವುದಿಲ್ಲ. ಅಡಕಲು ನೆಟ್ಟಗಾಯಿತು, ಗಾಯ ಮಾತ್ರ ಮುಚ್ಚಲಿಲ್ಲ. ನಾಲ್ಕು ತಿಂಗಳಾಯಿತು, ಹುಡುಗಿ ಕೂತಲ್ಲೇ ಕೂತಿದ್ದಾಳೆ.

ಆದರೂ ನಾನು ರೊಟ್ಟಿ ನೆಟ್ಟಗಿದೆ, ನೆಟ್ಟಗಿದೆ ಎನ್ನುತ್ತಲೇ ಇದ್ದೆ. ಅವಳಪ್ಪ, ನನ್ನ ಮೊಮ್ಮಗ ಕಲ್ಮೇಶಿ, ಊಟಕ್ಕೆ ಕೂತವನು ಸಿಡುಕಿದ: "ಆಯಿ, ರೊಟ್ಟಿ ಪೇರಿಸಿಟ್ಟು ನೋಡಿಕೋಂತ ಕುಂತ್ರ ಹೊಟ್ಟಿ ತುಂಬತೈತೇನ? ಇಬ್ಬರಿಗೆ ಹಂಚಬೇಕಂದ್ರ ಮುರೀಲೇಬೇಕಲ್ಲ!" ನನ್ನ ಕೈಯ ತುತ್ತು ಅಲ್ಲೇ ನಿಂತಿತು. ನನ್ನದೇ ಚರ್ಮ ಇಟ್ಟು ಒಂಬತ್ತು ದಿನ ಕನ್ನಡಿ ಬಿಟ್ಟೇಳಲಿಲ್ಲ. ಒಂದು ಕೋಶ ಎರಡಾಗುವ ಮೊದಲು, ಅದೇ ಪ್ರೋಟೀನುಗಳ ಮಾತು ಕೇಳಿ, ತನ್ನ ಅಡಕಲನ್ನು ತಾನೇ ಕೆಡವುತ್ತದೆ. ಪಾಲು ಪಡೆದ ಎರಡೂ ಮತ್ತೆ ಪೇರಿಸಿಕೊಳ್ಳುತ್ತವೆ. ಹಿಡಿಯುವವರೇ ಕೆಡಹುವವರು! ಹೀಗೆ ಕೋಶ ಎರಡೆರಡಾಗುತ್ತ ಗಾಯ ತಾನಾಗಿ ಮುಚ್ಚುತ್ತಿತ್ತು, ನಾನು ತಡೆದೆ. ಕಾಯಿಲೆಯ ಚೂರು ಯಾವುದು, ಹಂಚಿಕೆಯ ಚೂರು ಯಾವುದು? ನನ್ನ ಕಣ್ಣಿಗೆ ಇವತ್ತಿಗೂ ಎರಡೂ ಒಂದೇ.

ಬೇಡಿಕೊಳ್ಳುತ್ತೇನೆ, 'ಕಾಯಿಲೆ' ಎಂಬ ಆ ಪದದ ಪಕ್ಕ ಇಷ್ಟು ಸೇರಿಸು: 'ಕೋಶ ಎರಡಾಗುವ ಮುಂಚೆಯೂ ಹೀಗೇ ಕಾಣುತ್ತದೆ, ಕಾದು ನೋಡು.' ನೀನು ಬರೆದರೆ ನಾನು ಹನಿ ಹಾಕಿರುವುದಿಲ್ಲ. ಹಾಕದಿದ್ದರೆ ಈ ಪತ್ರ ಬರೆಯುವುದಿಲ್ಲ. ಹಾಗಾದರೆ ನಿನಗೆ ಹೇಳಿದವರು ಯಾರು? ನನಗೆ ಬಗೆಹರಿಯುತ್ತಿಲ್ಲ, ನೀನೂ ತಲೆ ಕೆಡಿಸಿಕೊಳ್ಳಬೇಡ. ಬರೆ. ನಾನೊಬ್ಬಳಿದ್ದೆ ಎಂಬುದೇ ನಿನಗೆ ತಿಳಿಯದೆ ಹೋದೀತು. ಹೋಗಲಿ. ಮಿಂಚವ್ವ ಓಡಾಡಿಕೊಂಡಿರಲಿ.

ನಿನ್ನ
ಫಕೀರವ್ವ