ಉತ್ತರ ಪತ್ರಿಕೆಗಳ ಹಿಂಬದಿ

ಉಗಾರ ಖುರ್ದ
11 ನವೆಂಬರ್ 2024

ಪ್ರೀತಿಯ ಅನುಸೂಯಾ,

ಮುಬೀನಾಳ ಸಲಾಮು. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದಿಲ್ಲ, ಯಾಕೆಂದರೆ ಕ್ಷೇಮವಿಲ್ಲ. ಹೊಟ್ಟೆಯ ಗಡ್ಡೆ ಕೊಯ್ದು ತೆಗೆದರೂ ಪ್ರಯೋಜನವಿಲ್ಲ ಎಂದು ಮಿರಜದ ಡಾಕ್ಟರು ಹೇಳಿದರು. ಇನ್ನೆಷ್ಟು ದಿನ ಎಂದು ಕೇಳಿದೆ. "ಹಂಗ ಹೇಳಾಕ ಬರೂದಿಲ್ರಿ ಬಾಯಾರ" ಎಂದು ಮುಂದಿನ ರೋಗಿಯನ್ನು ಕರೆದರು. ನನಗೆ ಅಷ್ಟು ಸಾಕಾಯಿತು.

ನಿನ್ನ ಯಜಮಾನರು ಸಂಗ್ರಾಮ ಸರ್ ತೀರಿಹೋಗಿ ವರ್ಷವಾಗುತ್ತ ಬಂತು, ಪುಣ್ಯಸ್ಮರಣೆಯ ಸಂಚಿಕೆಗೆ ಲೇಖನ ಬರೆದುಕೊಡು ಎಂದು ನೀನು ಮೂರು ಸಲ ಫೋನು ಮಾಡಿದೆ. ನಿನ್ನ ಮೈದುನ ಕಾಕಾಸಾಹೇಬ ಒಂದು ಸಲ ಮಾಡಿದ. ಪುಟಕ್ಕೆ ಎರಡು ಫೋಟೋ ಇರುತ್ತವೆ, ಬಣ್ಣದಲ್ಲಿ ಇರುತ್ತವೆ ಎಂದ. ಇಂಥ ಎಷ್ಟು ಸಂಚಿಕೆಗಳಿಗೆ ಬರೆದಿದ್ದೇನೆ ಅನು! ಬದುಕಿದ್ದಾಗ ಊರಿಗೆಲ್ಲ ಕಾಟ ಕೊಟ್ಟವನೂ ನನ್ನ ಲೇಖನದಲ್ಲಿ ಅಜಾತಶತ್ರು. ಸತ್ತ ಎಮ್ಮೆಗೆ ಹಾಲು ಹೆಚ್ಚು ಎಂಬ ಗಾದೆಯನ್ನು ನಾನು ಪಾಠದಂತೆ ಪಾಲಿಸಿದವಳು. ಈಗ ಅದನ್ನೆಲ್ಲ ನೆನೆದರೆ ಹೇಸಿಗೆಯಾಗುತ್ತದೆ.

ಆಸ್ಪತ್ರೆಯಲ್ಲಿ ಆರು ದಿನ ಮಲಗಿದ್ದೆ. ವಾರ್ಡಿನ ಗೋಡೆಗೊಂದು ಟಿವಿ. ಬೆಳಿಗ್ಗೆ ಜ್ಯೋತಿಷಿ ಬಂದು ಇವತ್ತು ಹಳದಿ ಬಟ್ಟೆ ಉಟ್ಟವರಿಗೆ ಶುಭ ಎಂದ. ಮೂಗಿಗೆ ನಳಿಕೆ ಹಾಕಿಸಿಕೊಂಡಿದ್ದ ಕಾಗವಾಡದ ಮುದುಕಿ ತನ್ನ ಹಸಿರು ಗೌನು ನೋಡಿಕೊಂಡು ಮುಖ ಸಣ್ಣದು ಮಾಡಿದಳು. ಸಂಜೆಯಾದರೆ ಧಾರಾವಾಹಿ. ಸತ್ತುಹೋದ ಸೊಸೆ ಬೇರೆ ಮುಖ ಹಾಕಿಕೊಂಡು ವಾಪಸ್ಸು ಬರುತ್ತಾಳೆ, ರೇಷ್ಮೆ ಸೀರೆ ಉಟ್ಟು ಹಾಲಿಗೆ ವಿಷ ಬೆರೆಸುತ್ತಾಳೆ. ಥೂ! ಕೆಳಗೆ ನಾವು ನಿಜವಾಗಿಯೂ ಸಾಯಲು ಮಲಗಿದ್ದೇವೆ, ಮೇಲೆ ಅವರ ಸುಳ್ಳು ಸಾವು. ನೀನು ಇದನ್ನು ಇಪ್ಪತ್ತೊಂದು ವರ್ಷ ಹೇಗೆ ನೋಡಿದೆ ಎಂದು ಬೈಯಬೇಕೆನಿಸಿತು. ಆಮೇಲೆ, ಬೈಯುವ ಬಾಯಿ ಯಾವುದು ಎಂದು ನೆನಪಾಗಿ ಗೋಡೆ ಕಡೆ ತಿರುಗಿ ಮಲಗಿದೆ.

ಟಿವಿಯಲ್ಲಿ ನನಗೆ ಎಲ್ಲಕ್ಕಿಂತ ಅಸಹ್ಯವೆನಿಸಿದ್ದು ನನ್ನದೇ ಮುಖ. ಕಳೆದ ಡಿಸೆಂಬರಿನಲ್ಲಿ ನಿಮ್ಮೂರು ಸತ್ತಿಯ ಹೊಳೆದಂಡೆಯಲ್ಲಿ ಸರ್ ಅವರ ರಕ್ಷಾ ವಿಸರ್ಜನೆ. ಮೂರನೆಯ ದಿನ ಬೂದಿಯನ್ನು ಕೃಷ್ಣೆಗೆ ಬಿಡುವ ಮೊದಲು ಮೈಕು ಹಿಡಿದು ಭಾಷಣ ಮಾಡುವ ಪದ್ಧತಿ ನಮ್ಮ ಕಡೆಯದು, ಬೂದಿಯ ಮುಂದೆ ನಿಜ ಹೇಳಿದವರನ್ನು ನಾನು ಕಂಡಿಲ್ಲ. ನನ್ನನ್ನೂ ಕರೆದರು. ಇಪ್ಪತ್ತಾರು ವರ್ಷ ನನ್ನ ಜೊತೆ ಒಂದೇ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ದೊಡ್ಡ ಪುಸ್ತಕಪ್ರೇಮಿ ಎಂದೆ. ಮರುದಿನ ಊರಿನ ಕೇಬಲ್ ಚಾನೆಲ್ಲಿನಲ್ಲಿ ಅದೇ ಬಂತು. ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರಿರಲಿಲ್ಲ, ಹೆದರಿಕೆಯಿತ್ತು.

ಯಾಕೆಂದರೆ ನಾನು ಮೈಕು ಕೊಟ್ಟು ಬಂದು ಕೂತಾಗ ನೀನು ನನ್ನ ಕಿವಿಯಲ್ಲಿ ಹೇಳಿದ್ದೆ, "ನನ್ನ ಕತೀನ ರದ್ದಿಗೆ ಹಾಕಿದಾಂವ ಪುಸ್ತಕಪ್ರೇಮಿ ಏನಬೇ? ಬೂದಿ ಆಗ್ಯಾನ, ಆದ್ರೂ ನನ್ನ ಹೊಟ್ಟ್ಯಾಗಿನ ಬೆಂಕಿ ಆರಿಲ್ಲ." ಮೊನ್ನೆ ಫೋನಿನಲ್ಲೂ ಅದೇ ಮಾತು. ಏನು ಬೇಕಾದರೂ ಬರಿ, ಪುಸ್ತಕಪ್ರೇಮಿ ಎಂದು ಮಾತ್ರ ಬರೆಯಬೇಡ ಎಂದು ನೀನು ಹೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನು ಫೋನು ಹಿಡಿದುಕೊಂಡೇ ಅಲಮಾರದ ಬಾಗಿಲು ಮುಚ್ಚಿದೆಯೋ ಇಲ್ಲವೋ ನೋಡಿದೆ.

ಆ ಅಲಮಾರದಲ್ಲಿ ನಿನ್ನ ಹದಿನಾಲ್ಕು ಕಥೆಗಳಿವೆ.

ಬರೆದುಬಿಟ್ಟೆ. ಇನ್ನು ಹಿಂದೆ ತೆಗೆದುಕೊಳ್ಳಲು ಬರುವುದಿಲ್ಲ.

2003ರ ಮೇ ತಿಂಗಳು. ಆಗ ನೀವು ಇಲ್ಲೇ ಉಗಾರದಲ್ಲಿ ಇದ್ದಿರಿ. ಮೇಷ್ಟ್ರ ಮನೆಗಳಲ್ಲಿ ಕಾಗದಕ್ಕೇನು ಬರ? ಎಷ್ಟೋ ಉತ್ತರ ಪತ್ರಿಕೆಗಳು ಒಂದು ಬದಿ ಖಾಲಿಯೇ ಇರುತ್ತಿದ್ದವು, ನೀನು ಆ ಖಾಲಿ ಬದಿಯಲ್ಲಿ ಬರೆಯುತ್ತಿದ್ದೆ. ಮುಂದೆ ಯಾರದೋ ತಪ್ಪು ಲೆಕ್ಕ, ಹಿಂದೆ ನಿನ್ನ ಕಥೆ. ಫಲಿತಾಂಶ ಬಂದ ಮೇಲೆ ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕುವುದು ಎಲ್ಲ ಮೇಷ್ಟ್ರ ಪದ್ಧತಿ. ಸರ್ ಕಪಾಟಿನ ಕಟ್ಟುಗಳನ್ನೆಲ್ಲ ಸೈಕಲ್ಲಿಗೆ ಹೇರಿ ನನ್ನ ತಮ್ಮ ಇಬ್ರಾಹಿಮನ ಅಂಗಡಿಗೆ ತಂದರು. ಮೇಲಿನ ಹಾಳೆಯಲ್ಲಿ ಲೆಕ್ಕ ಕಂಡಿತು, ತಿರುವಿ ನೋಡಲಿಲ್ಲ. ಅವರ ತಪ್ಪು ಅಷ್ಟೇ ಅನು. ಅಷ್ಟೇ.

ಅಂಗಡಿಯ ಹಿಂದೆಯೇ ನಮ್ಮ ಮನೆ. ಕಟ್ಟು ಬಿಚ್ಚಿದಾಗ ನಿನ್ನ ಅಕ್ಷರ ಕಂಡು ಸುಮ್ಮನೆ ಎತ್ತಿಟ್ಟೆ, ಸಂಜೆ ಕೊಟ್ಟುಬರೋಣ ಎಂದೇ ಎತ್ತಿಟ್ಟೆ. ಒಂದು ಕಥೆ ಓದಿದೆ. ಇನ್ನೊಂದು ಓದಿದೆ. ನಾನು ಹದಿನೈದು ವರ್ಷ ಬರೆದದ್ದೆಲ್ಲ ಅದರ ಮುಂದೆ ಹಿಂಡಿದ ಕಬ್ಬಿನ ಸಿಪ್ಪೆ. ಊರಿಗೆಲ್ಲ ಲೇಖಕಿ ನಾನು, ಸಭೆಯಲ್ಲಿ ಶಾಲು ಹೊದಿಸಿಕೊಳ್ಳುವವಳು ನಾನು, ನೀನೋ ಸಭೆಯ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವವಳು. ಹೊಟ್ಟೆ ಉರಿಯಿತು. ಈಗಿನ ಗಡ್ಡೆ ಆವತ್ತೇ ಹುಟ್ಟಿರಬೇಕು.

ಮರುದಿನ ಬೆಳಿಗ್ಗೆ ಸರ್ ಓಡಿಬಂದರು. ಅಂಗಿಯ ಗುಂಡಿ ಸಹ ಸರಿಯಾಗಿ ಹಾಕಿಕೊಂಡಿರಲಿಲ್ಲ. ನಾನು ಒಳಗಿನಿಂದ ಕಣ್ಸನ್ನೆ ಮಾಡಿದೆ. "ನಿನ್ನಿ ಮಾಲು ಕೊಲ್ಲಾಪುರದ ಮಿಲ್ಲಿಗೆ ಹೋತ್ರಿ ಸರ್" ಎಂದ ಇಬ್ರಾಹಿಮ. ಅವರು ಹೋದ ಮೇಲೆ, "ಸುಳ್ಳ್ಯಾಕ ಹೇಳಿಸಿದಿ ಆಪಾ?" ಎಂದು ಕೇಳಿದ. ನಾಳೆ ನಾನೇ ಕೊಡುತ್ತೇನೆ ಎಂದೆ.

ಆ ನಾಳೆ ಬರಲೇ ಇಲ್ಲ. ನೀನು ಬರೆಯುವುದನ್ನು ಬಿಟ್ಟೆ, ಓದುವುದನ್ನೂ ಬಿಟ್ಟೆ. ಅವರಿಗೆ ತಟ್ಟೆ ಇಟ್ಟು ಟಿವಿ ಮುಂದೆ ಕೂತರೆ ಮಾತಿಲ್ಲ ಕತೆಯಿಲ್ಲ. ನಿನ್ನನ್ನು ಸಮಾಧಾನ ಮಾಡಲು ವಾರಕ್ಕೆರಡು ಸಲ ಬರುತ್ತಿದ್ದವಳು ನಾನೇ. ಗಂಡಸರಿಗೆ ಇದೆಲ್ಲ ತಿಳಿಯುವುದಿಲ್ಲ ಎನ್ನುತ್ತ ನಿನ್ನ ಕೈಯ ಚಹಾ ಕುಡಿಯುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅವರು ಕೇಳಿಸಿಕೊಳ್ಳುತ್ತಿದ್ದರು.

ಇನ್ನೂ ಇದೆ, ಮುಗಿಸಿಬಿಡುತ್ತೇನೆ. 2012ರ ದೀಪಾವಳಿ ವಿಶೇಷಾಂಕದಲ್ಲಿ ನನ್ನ ಕಥೆಗೆ ಬಹುಮಾನ ಬಂತಲ್ಲ, ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ದುಡಿಯುವ ಹೆಂಗಸು ಗಂಡನ ಹೆಸರು ಮರೆತುಬಿಡುವ ಕಥೆ, ಅದು ನಿನ್ನದು. ದುಂಡವ್ವ ಎಂಬ ಹೆಸರನ್ನು ಬದಲಿಸಿದ್ದು ಬಿಟ್ಟರೆ ಒಂದು ಪದವನ್ನೂ ಮುಟ್ಟಲಿಲ್ಲ, ಮುಟ್ಟಿದರೆ ಕೆಡುತ್ತಿತ್ತು. ನೀನು ಟಿವಿ ಬಿಟ್ಟು ಏನನ್ನೂ ಓದುವುದಿಲ್ಲ ಎಂಬ ಧೈರ್ಯದ ಮೇಲೆಯೇ ಕಳಿಸಿದ್ದು. ನಾನು ಬೈಯುವ ಆ ಟಿವಿಯೇ ನನ್ನ ಕಳ್ಳತನವನ್ನು ಕಾಯಿತು.

ನಾನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಹಂಚಿದ ಪುಸ್ತಕಗಳು ಈಗ ಇಬ್ರಾಹಿಮನ ಅಂಗಡಿಗೇ ಬರುತ್ತಿವೆ. 'ಪ್ರೀತಿಯಿಂದ' ಎಂಬ ನನ್ನ ಸಹಿ ಹಾಗೇ ಇರುತ್ತದೆ, ಹಾಳೆ ಸಹ ಬಿಡಿಸಿರುವುದಿಲ್ಲ. ಅವನು ಪಾಪ, ನನಗೆ ಕಾಣದಂತೆ ಕೆಳಗೆ ಹಾಕುತ್ತಾನೆ. ನನಗೇನೂ ಅನ್ನಿಸುವುದಿಲ್ಲ. ಅವು ಹೋಗಬೇಕಾದ ಜಾಗಕ್ಕೇ ಹೋಗುತ್ತಿವೆ. ಸತ್ತ ಮೇಲೆ ನನ್ನ ಬರಹ ಉಳಿಯಲಿ ಎಂದೇ ಇಷ್ಟೆಲ್ಲ ಮಾಡಿದೆ ನೋಡು. ಉಳಿಯುವುದು ಏನಾದರೂ ಇದ್ದರೆ ನಿನ್ನ ಆ ಒಂದು ಕಥೆ, ಅದರ ಮೇಲೆ ನನ್ನ ಹೆಸರು.

ಕಟ್ಟನ್ನು ಇಬ್ರಾಹಿಮನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನನ್ನು ಬೈಯಬೇಡ, ಒಂದು ಲೋಟ ನೀರು ಕೊಡು. ಹದಿನಾಲ್ಕೂ ಇವೆ, ಒಂದೆರಡು ಹಾಳೆಗೆ ಗೆದ್ದಲು ತಗುಲಿದೆ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳುವುದಕ್ಕೆ ನನಗೇ ನಾಚಿಕೆ. ಆದರೆ ಸರ್ ಮೇಲಿನ ಸಿಟ್ಟನ್ನು ಇಳಿಸು. ಅದು ನನಗೆ ಸೇರಬೇಕಾದದ್ದು, ನಾನು ಇರುವಷ್ಟರಲ್ಲೇ ಸೇರಲಿ.

ಗೆಳತಿ ಎಂದು ಬರೆಯಲು ಕೈ ಬಾರದ,
ಮುಬೀನಾ

ತಾ.ಕ.: ಇದನ್ನು ಬರೆಯದೆ ಲಕೋಟೆ ಮುಚ್ಚಿದ್ದೆ, ಮತ್ತೆ ಹರಿದೆ. ಸರ್‌ಗೆ ಗೊತ್ತಿತ್ತು ಅನು. ನೀನು ಕಥೆಗಳನ್ನು ಮೊದಲು ಅವರಿಗೇ ಓದಿ ಹೇಳುತ್ತಿದ್ದೆಯಂತೆ. ವಿಶೇಷಾಂಕ ಹಿಡಿದು ನಮ್ಮ ಮನೆಗೆ ಬಂದಿದ್ದರು. ಕಟ್ಟು ನನ್ನ ಬಳಿ ಇಲ್ಲ ಎಂದು ನಾನು ಅವರ ಮುಖಕ್ಕೇ ಸುಳ್ಳು ಹೇಳಿದೆ. ಅವರು ವಿಶೇಷಾಂಕ ಮಡಚಿಟ್ಟುಕೊಂಡು ಹೇಳಿದರು, "ಇರ್ಲಿ ಬಿಡ್ರಿ ಬಾಯಾರ. ಆಕಿಗೆ ಹೇಳೂದಿಲ್ಲ. ಕತಿ ಅಂತೂ ಹೋದು. ಆಕಿಗೆ ಇರಾಕಿ ನೀವೊಬ್ರ ಗೆಳತಿ, ನೀವೂ ಹೋಗೂದು ಬ್ಯಾಡ. ನನ್ನ ಮ್ಯಾಲಿನ ಸಿಟ್ಟು ಆಕಿಗೆ ಹೆಂಗೂ ರೂಢಿ ಆಗೇತಿ." ಹನ್ನೊಂದು ವರ್ಷ ಬದುಕಿದರು, ಹೇಳಲಿಲ್ಲ. ಕಾಕಾಸಾಹೇಬನ ಸಂಚಿಕೆಗೆ ನನ್ನ ಲೇಖನ ಈ ಪತ್ರವೇ. ನನ್ನ ಹೆಸರು ಸಮೇತ ಹಾಕಿಸು.