ಮನೆಮನೆಗೆ ಹೇಳಿ ಬರುವಾಕೆ

೯ ಸೆಪ್ಟೆಂಬರ್ ೧೯೧೮, ಸೋಮವಾರ. ಕಮಲಾಪುರ

ಹಾಜರಿ ಕಡಿಮೆ. ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋದ ಹುಡುಗಿಯರು ಇನ್ನೂ ಮದರಸಾಕ್ಕೆ ತಿರುಗಿಲ್ಲ. ನಿಜಾಮ ಸರ್ಕಾರದ ಕಾಗದದಲ್ಲಿ ಹುಡುಗಿಯರ ಶಾಲೆಗೆ ಅದೇ ಹೆಸರು. ಇದ್ದವರಿಗೆ ಎರಡರ ಮಗ್ಗಿ ಹೇಳಿಸುತ್ತಿದ್ದೆ. ಅಷ್ಟರಲ್ಲಿ ತಾಯಂದಿರು ಜಗಳಕ್ಕೇ ಬಂದರು.

ಕಾರಣ ಮಸ್ತಾನಬಿ. ಕಲಬುರ್ಗಿಯ ಶಿಕ್ಷಣ ಕಚೇರಿಯಿಂದ ಉರ್ದುವಿನಲ್ಲಿ ಸೂಚನೆ ಬಂದಿತ್ತು — ಹುಡುಗಿಯರು ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟು ಬರತಕ್ಕದ್ದು. ಅದನ್ನು ಗೋಡೆಗೆ ಅಂಟಿಸಿ ಏನು ಮಾಡುವುದು? ಓದುವ ತಾಯಿ ಈ ಊರಿನಲ್ಲಿ ಒಬ್ಬಳೂ ಇಲ್ಲ. ಎಂದಿನಂತೆ ಮಸ್ತಾನಬಿಗೆ ಕನ್ನಡದಲ್ಲಿ ಹೇಳಿ ಕಳಿಸಿದೆ. ಬೆಳಿಗ್ಗೆ ಹುಡುಗಿಯರನ್ನು ಮನೆಯಿಂದ ಕರೆತರುವುದು, ಸಂಜೆ ಮುಟ್ಟಿಸುವುದು, ಕಚೇರಿ ಸುದ್ದಿ ಮನೆಮನೆಗೆ ಹೇಳುವುದು — ಮೂರೂ ಆಕೆಯ ಕೆಲಸ. ಆಕೆ ತನ್ನದೊಂದು ಮಾತು ಸೇರಿಸಿದ್ದಾಳೆ. ಹೇನು ಕಂಡರೆ ಉಸ್ತಾನಿ ತಲೆ ಬೋಳಿಸುತ್ತಾಳೆ ಅಂತ! ಉಳಿದವರಿಗೆ ಅಕ್ಕೋರು, ಆಕೆಗೆ ನಾನು ಉಸ್ತಾನಿ.

ಚಂದಮ್ಮ ಎಲ್ಲರಿಗಿಂತ ಮುಂದೆ. ದಾಲ್ ವ್ಯಾಪಾರಿ ಜಗದೇವಪ್ಪನವರ ಹೆಂಡತಿ. ಅವರ ಮನೆ ನಡೆದ ದಾರಿಗೆ ಉಳಿದ ಮನೆಗಳು. "ಅಕ್ಕೋರೆ, ನಮ್ಮ ನೀಲಾನ ತಲಿ ಬೋಳಸ್ತೀರಂತ, ಖರೇ ಏನ್ರಿ?"

ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಗಂಟಲು ಒಣಗಿತು. ಆಮೇಲೆ ಮಸ್ತಾನಬಿಯನ್ನು ಬೈದೆ. ಅಡಿಕೆ ಕತ್ತರಿಸುತ್ತಾ ಕೇಳಿಸಿಕೊಂಡಳು. "ಬರೇ ಬಾಚ್ಕೊಂಡು ಬರ್ರಿ ಅಂದ್ರ ಯಾರು ಕೇಳ್ತಾರ ಉಸ್ತಾನಿ? ಥೋಡಾ ಹೆದರ್ಸಬೇಕು."

ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ ನಕ್ಕೆ.

೨೦ ಸೆಪ್ಟೆಂಬರ್, ಶುಕ್ರವಾರ. ರಜೆ

ಖಂಡೆಪ್ಪಣ್ಣನಿಂದ ಪತ್ರ. ಅಣ್ಣ ಕಲಬುರ್ಗಿ ರೈಲು ಗೋದಾಮಿನ ಗುಮಾಸ್ತ. ತಾರೀಖು ನೋಡಿ ಬರೆಯುವ ಈ ಕ್ಯಾಲೆಂಡರೂ ಅವನು ಕೊಟ್ಟದ್ದೇ. ಯಾವಾಗ ಬರುತ್ತೀ, ಮನೆಯಲ್ಲಿ ಕೇಳುತ್ತಿದ್ದಾರೆ — ಅದೇ ಮಾತು. ಕೇಳುವುದು ಅವನ ಹೆಂಡತಿ, ವಹಿನಿ. ಅಡುಗೆಗೆ ಒಂದು ಕೈ ಬೇಕು.

ಗಂಡನ ಮುಖ ನೆನಪಿಲ್ಲ. ನೆನಪಿಡುವ ವಯಸ್ಸಿಗೆ ಮುಂಚೆ ಸತ್ತ. ಅಪ್ಪ ಅಕ್ಷರ ಕಲಿಸಿದ. ಅದಕ್ಕೆ ಈ ನೌಕರಿ. ನನಗೆ ಅಂತ ಒಂದು ಕೋಣೆ, ಒಂದು ಒಲೆ, 'ಅಕ್ಕೋರೆ' ಎನ್ನುವ ಹುಡುಗಿಯರು. ಅಣ್ಣನ ಮನೆಗೆ ತಿರುಗಿ ಹೋಗಲಾರೆ.

ಮಸ್ತಾನಬಿ ಹೊರಗಿನ ಪಡಸಾಲೆಯಲ್ಲಿ ಮಲಗುತ್ತಾಳೆ, ನನಗೆ ಜೊತೆಗೆಂದು. ಆಕೆಯ ಕೊಡ ಹೊರಗೆ, ನನ್ನದು ಒಳಗೆ. ಇಲ್ಲಿಗೆ ಬಂದಾಗಿನಿಂದ ಹೀಗೇ. ಇಬ್ಬರೂ ಈ ಮಾತು ಎತ್ತಿದ್ದಿಲ್ಲ.

ಕಚೇರಿಯ ಬುರ್ಹಾನುದ್ದೀನ್ ಸಾಹೇಬರು ಚಳಿಗಾಲದಲ್ಲಿ ತಪಾಸಣೆಗೆ ಬರುತ್ತಾರಂತೆ. ಹಾಜರಿ ಚೆನ್ನಾಗಿದ್ದರೆ ಮದರಸಾ ಕಾಯಂ. ಇಲ್ಲದಿದ್ದರೆ... ಬರೆಯುವುದಿಲ್ಲ.

೩ ಅಕ್ಟೋಬರ್, ಗುರುವಾರ

ಪಕ್ಕದ ಮಹಾಗಾಂವದಲ್ಲಿ ಜ್ವರ. ಒಂದೇ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಹೋದರಂತೆ. ಕಲಬುರ್ಗಿಯಿಂದ ಬಂದವರು ಇನ್‌ಫ್ಲುಯೆಂಜಾ ಎನ್ನುತ್ತಾರೆ. ಇಲ್ಲಿಯವರು ಹೆಸರಿಡುವುದಕ್ಕೂ ಹೆದರಿ 'ಬ್ಯಾನಿ' ಎಂದಷ್ಟೇ ಹೇಳುತ್ತಾರೆ.

ಮದರಸಾ ಮುಚ್ಚಲೇ ಎಂದು ಕಚೇರಿಗೆ ಹೋದ ವಾರವೇ ಕೇಳಿದ್ದೆ. ಉತ್ತರವಿಲ್ಲ. ಇವತ್ತು ಹಲೀಮಾ ತರಗತಿಯಲ್ಲೇ ಗೋಡೆಗೆ ಒರಗಿದಳು. ಹಣೆ ಮುಟ್ಟಿದರೆ ಕೆಂಡ. ಮಸ್ತಾನಬಿ ಸೊಂಟದ ಮೇಲೆ ಕೂರಿಸಿಕೊಂಡು ಮನೆಗೆ ಬಿಟ್ಟು ಬಂದಳು.

೬ ಅಕ್ಟೋಬರ್, ಭಾನುವಾರ

ಹುಕುಮಿಗೆ ಕಾಯಲಿಲ್ಲ. ನಾನೇ ಮುಚ್ಚಿದೆ. ಕೇಳಿದರೆ ಕೇಳಲಿ.

ಮಸ್ತಾನಬಿಗೆ ಹೇಳಿದೆ — ಮದರಸಾ ಬಂದ್. ಹುಡುಗಿಯರನ್ನು ಹೊರಗೆ ಬಿಡಬೇಡಿ. ನೀರು ಕಾಯಿಸಿ ಕುಡಿಸಿ. ಹೊಸ್ತಿಲಾಚೆ ನಿಂತೇ ಹೇಳಿ ಬಾ, ಒಳಗೆ ಹೋಗಬೇಡ ಎಂದೂ ಹೇಳಿದೆ. ತಲೆಯಾಡಿಸಿದಳು.

ಬಂದಾಗ ಮಧ್ಯಾಹ್ನ ದಾಟಿತ್ತು. ಒಳಗೆ ಹೋಗಿದ್ದಾಳೆ. ಊರಾಚೆ ಕೇರಿಯ ಅಂಬಣ್ಣನ ಮನೆಯಲ್ಲಿ ಎದ್ದು ಓಡಾಡುವವರೇ ಇರಲಿಲ್ಲವಂತೆ, ಒಲೆ ಹಚ್ಚಿ ಬಂದಳಂತೆ. ಹಲೀಮಾ...

ಹಲೀಮಾ ಇಲ್ಲ.

೯ ಅಕ್ಟೋಬರ್, ಬುಧವಾರ

ಕೀಲುಗಳೆಲ್ಲ ನೋವು. ಚಳಿ. ಅಕ್ಷರ ಅಲುಗಾಡುತ್ತಿವೆ. ನಾಳೆ

೨೫ ಅಕ್ಟೋಬರ್, ಶುಕ್ರವಾರ

ಎದ್ದು ಕೂತಿದ್ದೇನೆ. ಕೂದಲು ಉದುರುತ್ತಿದೆ. ಈ ಸಲ ದಸರಾ, ಮೊಹರಂ ಕೂಡಿ ಬಂದಿದ್ದವು. ಎರಡೂ ಹೋಗಿವೆ; ಬಾಜಾ-ತಾಸೆಯ ಸದ್ದು ಏನೂ ಇರಲಿಲ್ಲವಂತೆ. ಪಲ್ಲಕ್ಕಿ, ಪಂಜಾ ಹೊರಲು ಜನವೇ ಇರಲಿಲ್ಲ.

ನಡೆದದ್ದನ್ನು ನಡೆದಂತೆ ಬರೆದಿಡುತ್ತೇನೆ.

ಜ್ವರ ಏರಿದಾಗ ಯಾರೂ ಬರಲಿಲ್ಲ. ತಪ್ಪೆನ್ನಲಾರೆ, ಎಲ್ಲ ಮನೆಗಳಲ್ಲೂ ಮಲಗಿದ್ದವರೇ. ನನ್ನ ಒಲೆ ಆರಿತ್ತು. ಬಾಗಿಲಲ್ಲಿ ಮಸ್ತಾನಬಿ ನಿಂತಿದ್ದಳು. ಇಷ್ಟು ವರ್ಷದಲ್ಲಿ ದಾಟದ ಹೊಸ್ತಿಲು. ಕೈಯಲ್ಲಿ ತನ್ನ ತಾಟು, ಅದರಲ್ಲಿ ಜೋಳದ ಗಂಜಿ. ದಾಟಿ ಬಂದಳು. ಪಕ್ಕ ಕೂತಳು.

"ಬೈಯೋದಿದ್ರ ಆಮ್ಯಾಲ ಬೈರಿ ಉಸ್ತಾನಿ. ಈಗ ಕುಡೀರಿ."

ಕುಡಿದೆ. ನನಗೆ ಎಚ್ಚರವಿತ್ತು. ಯಾರ ತಾಟು, ಯಾರ ನೀರು ಎಲ್ಲ ಗೊತ್ತಿತ್ತು. ಮರುದಿನ ಆಕೆ ಬರುವುದು ತಡವಾದಾಗ ನಾನೇ ಕೂಗಿ ಕರೆದೆ. ಖಾಲಾ ಎಂದು ಕರೆದೆ, ಅವರ ಮಾತಿನಲ್ಲಿ ಚಿಕ್ಕಮ್ಮ. ಅದಕ್ಕೆ ಮುಂಚೆ ಹಾಗೆ ಕರೆದದ್ದಿಲ್ಲ.

ಬದುಕಿದ್ದೇನೆ.

೨೮ ಅಕ್ಟೋಬರ್, ಸೋಮವಾರ

ಈಗ ಆಕೆ ಮಲಗಿದ್ದಾಳೆ. ಒಳಗೆ, ನನ್ನ ಚಾಪೆಯ ಮೇಲೆ. ಉಸಿರು ಎಳೆಯುವಾಗ ಎದೆಯಲ್ಲಿ ಶಬ್ದ. ಆಕೆಯ ತಮ್ಮನ ಮಗ ಶಬ್ಬೀರ್ ಬಂದು ಕೂತಿದ್ದ. ಅವನ ಹೆಂಡತಿಗೂ ಜ್ವರ, ಎದ್ದು ಮನೆಗೆ ಹೋದ.

ನನ್ನ ಚರಿಗೆಯಲ್ಲಿ ನೀರು ಹಿಡಿದೆ. ಮುಖ ತಿರುಗಿಸಿದಳು. "ಆ ಚರಿಗಿ ಬ್ಯಾಡ ಉಸ್ತಾನಿ. ಮಂದಿ ನೋಡಿದ್ರ ನಾಳೆ ನಿಮ್ಮ ಕಡಿ ಹೆಣ್ಣುಡುಗರನ್ನ ಯಾರು ಕಳಸ್ತಾರ?"

ತಲೆ ಎತ್ತಿ ಹಿಡಿದು ಕುಡಿಸಿದೆ. ಪಕ್ಕದ ಮನೆಯ ಕಸ್ತೂರಿಬಾಯಿ ಬಾಗಿಲಲ್ಲಿ ನಿಂತು ನೋಡಿ ಹೋದಳು. ನೋಡಲಿ.

೩೧ ಅಕ್ಟೋಬರ್, ಗುರುವಾರ

ಹೋದಳು. ಮಸೀದಿಯಲ್ಲಿ ಬೆಳಗಿನ ಬಾಂಗ್ ಆಗಿ ಸ್ವಲ್ಪ ಹೊತ್ತಿಗೆ. ಬೆಳಕು ಹರಿಯುತ್ತಿತ್ತು. ಹುಡುಗಿಯರನ್ನು ಕರೆತರುವ ಹೊತ್ತಾಯಿತೆಂದು ಏಳಲು ನೋಡಿದಳು. ಇವತ್ತು ರಜೆ ಅಂದೆ. ಸುಮ್ಮನಾದಳು.

ಶಬ್ಬೀರ್ ಹೊರುವ ನಾಲ್ವರನ್ನು ಕೂಡಿಸಲು ಇಡೀ ಓಣಿ ತಿರುಗಿದ.

೧೮ ನವೆಂಬರ್, ಸೋಮವಾರ

ಕಚೇರಿಯಿಂದ ಎರಡು ಕಾಗದ ಒಟ್ಟಿಗೆ. ಒಂದು, ಮದರಸಾ ಮುಚ್ಚಿರಿ ಎಂದು. ಇನ್ನೊಂದು, ತೆರೆಯಿರಿ ಎಂದು.

ತೆರೆಯುವ ಸುದ್ದಿ ಮನೆಗಳಿಗೆ ಹೇಳಬೇಕು. ಕಳಿಸಲು ಯಾರಿದ್ದಾರೆ? ನಾನೇ ಹೊರಟೆ. ವಿಧವೆ ಓಣಿ ಓಣಿ ತಿರುಗುತ್ತಾಳೆಂದು ಯಾರೂ ಅನ್ನಲಿಲ್ಲ. ಅನ್ನುವ ತ್ರಾಣ ಯಾರಿಗಿದೆ? ಗುರುವಾರದಿಂದ ಮದರಸಾ ಎನ್ನುತ್ತೇನೆ. ಒಂದು ಮನೆಯಲ್ಲಿ ಅಜ್ಜಿ ಹೂಂ ಎಂದಳು. ಹುಡುಗಿ ಎಲ್ಲಿ ಎಂದು ಕೇಳಿದೆ. ಬೀಸುತ್ತಿದ್ದ ಕಲ್ಲು ನಿಲ್ಲಿಸಿ ನನ್ನ ಮುಖ ನೋಡಿ, ಮತ್ತೆ ಬೀಸತೊಡಗಿದಳು. ಆಮೇಲೆ ಯಾವ ಮನೆಯಲ್ಲೂ ಕೇಳಲಿಲ್ಲ. ಹೇಳಿ, ನಿಂತು, ಮುಂದೆ ಹೋದೆ.

ಅಂಬಣ್ಣ ಅಂಗಳಕ್ಕೆ ಬಂದು ಕೈಮುಗಿದ. ಆ ದಿನ ಮಸ್ತಾನಬಿ ಒಲೆ ಹಚ್ಚದಿದ್ದರೆ ತಮ್ಮ ಮನೆಯಲ್ಲಿ ದೀಪ ಇಡುವವರು ಇರುತ್ತಿರಲಿಲ್ಲ ಎಂದ. ಅವನ ಮಗಳು ಶೇವಂತಾ ಬದುಕಿದ್ದಾಳೆ. ಮದರಸಾಕ್ಕೆ ಬರುವವಳಲ್ಲ. ಅವರ ಕೇರಿಯ ಹುಡುಗಿಯರನ್ನು ನಾನು ಕರೆದದ್ದೂ ಇಲ್ಲ. ಇವತ್ತು ಕರೆದೆ. ಊರು ಬಿಡ್ತದೇನ್ರಿ ಅಂದ.

ನೀಲಾ ಇದ್ದಾಳೆ. ತೆಳ್ಳಗಾಗಿದ್ದಾಳೆ. ಚಂದಮ್ಮ ಮಾತ್ರ ನನ್ನ ಕಣ್ಣು ತಪ್ಪಿಸಿದರು.

೨೧ ನವೆಂಬರ್, ಗುರುವಾರ

ಬಾಗಿಲು ತೆರೆದು ಕಾದೆ. ಮಸೀದಿ ಓಣಿಯ ಹುಡುಗಿಯರು ಕೆಲವರು ಬಂದರು. ನಮ್ಮ ಓಣಿಯಿಂದ ಒಬ್ಬಳೂ ಇಲ್ಲ.

೨೪ ನವೆಂಬರ್, ಭಾನುವಾರ

ಚಂದಮ್ಮ ಬಂದಿದ್ದರು. ಒಬ್ಬರೇ. ಕೂರಲಿಲ್ಲ. ಕಸ್ತೂರಿಬಾಯಿ ಊರೆಲ್ಲ ಹೇಳಿದ್ದಾಳಂತೆ, ಅಕ್ಕೋರು ಮಸ್ತಾನಬಿಯ ಕೈಯಿಂದ ಉಂಡಾರ, ತಮ್ಮ ಚರಿಗೆಯಲ್ಲಿ ಆಕೆಗೆ ನೀರು ಕುಡಿಸ್ಯಾರ ಅಂತ. ಜಗದೇವಪ್ಪನವರು ಮಗಳನ್ನು ಬಿಡುವುದಿಲ್ಲ ಅಂದಿದ್ದಾರೆ. ಉಳಿದವರು ಅವರ ಬಾಯಿ ನೋಡುತ್ತಿದ್ದಾರೆ.

"ಅಕ್ಕೋರೆ, ಜ್ವರದಾಗ ಎಚ್ಚರ ಇರಲಿಲ್ಲ ಅಂತ ಒಂದು ಮಾತು ಅನ್ರಿ. ಮಠದ ಅಯ್ಯನೋರ ಕಡಿಂದ ವಿಭೂತಿ ಹಚ್ಚಿಸಿದ್ರ ಮುಗೀತು. ನಾ ಮುಂದ ನಿಂತು ಎಲ್ಲಾರ ಮನಿಗಿ ಹೇಳ್ತೀನಿ. ನಾಳಿನೇ ನೀಲಾ ಬರ್ತಾಳ."

ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಅಕ್ಷರ ಬಾರದ ಆ ತಾಯಿ ಮಗಳ ಪಾಟಿಯನ್ನು ದಿನಾ ಒರೆಸಿ ಕಳಿಸುತ್ತಿದ್ದವರು.

ಮಸ್ತಾನಬಿ ಇದ್ದಿದ್ದರೆ, ಹೇಳ್ರಿ ಉಸ್ತಾನಿ, ಮದರಸಾ ಉಳೀತದ ಅನ್ನುತ್ತಿದ್ದಳು. ನನಗಿಂತ ಮುಂಚೆ ತಾನೇ ಮನೆಮನೆಗೆ ಹೇಳಿ ಬರುತ್ತಿದ್ದಳು. ಬಾಯಿ ತೆರೆದೆ. ಎಚ್ಚರ ಇರಲಿಲ್ಲ — ಎರಡೇ ಶಬ್ದ. ಬರಲಿಲ್ಲ. ಆಕೆಯನ್ನು ಕೂಗಿ ಕರೆದದ್ದು ನಾನು.

"ಎಚ್ಚರ ಇತ್ರಿ ಚಂದಮ್ಮನೋರೆ. ಮರುದಿನ ನಾನೇ ಕೇಳಿ ಕುಡದೀನಿ."

ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದರು.

೫ ಡಿಸೆಂಬರ್, ಗುರುವಾರ

ಬುರ್ಹಾನುದ್ದೀನ್ ಸಾಹೇಬರು ಬಂದು ಹೋದರು. ಹಾಜರಿ ನೋಡಿ ಪುಸ್ತಕ ಮುಚ್ಚಿದರು. ಅವರ ಮನೆಯಲ್ಲೂ ಇಬ್ಬರು ತೀರಿಕೊಂಡಿದ್ದಾರೆ. ಇಷ್ಟು ಹುಡುಗಿಯರಿಗೆ ಮದರಸಾ ನಡೆಸಲು ತಮಗೆ ಅಧಿಕಾರವಿಲ್ಲ, ಮುಂದೆ ಎಂದಾದರೂ ತೆರೆದರೆ ನನ್ನ ಹೆಸರೇ ಬರೆಯುವುದಾಗಿ ಹೇಳಿದರು. ಕರಿಹಲಗೆ, ಗಡಿಯಾರ ಗಾಡಿಗೆ ಏರಿಸಿದರು.

ತಾಯಂದಿರಿಗೆ ಕಾರಣ ಏನಂತ ಹೇಳಲಿ ಎಂದು ಕೇಳಿದೆ. ಬ್ಯಾನಿ ಅಂತ ಹೇಳಿ ಎಂದರು.

೭ ಡಿಸೆಂಬರ್, ಶನಿವಾರ

ಎಲ್ಲ ಮನೆಗೂ ಹೋದೆ. ಮದರಸಾ ಇನ್ನಿಲ್ಲ ಎಂದಷ್ಟೇ ಹೇಳಿದೆ. ಬ್ಯಾನಿ ಎನ್ನಲಿಲ್ಲ.

ಚಂದಮ್ಮ ಕಟ್ಟೆಯ ಮೇಲೆ ಕೂರಿಸಿದರು. ಬಾಯಾರಿತ್ತು. ನೀರು ಕೇಳಿದೆ. ತಂಬಿಗೆ ತಂದು, ಒಂದು ಗಳಿಗೆ ತಡೆದು, ಎತ್ತರದಿಂದ ಬೊಗಸೆಗೆ ಸುರಿದರು. ಬೊಗಸೆ ತುಂಬಿ ನೀರು ಮೊಣಕೈಗೆ ಇಳಿಯಿತು. ಕುಡಿದೆ.

ನೀಲಾ ಒಳಗಿನಿಂದ ಓಡಿ ಬಂದಳು. "ಅಕ್ಕೋರೆ, ಒತ್ತಕ್ಷರ ಅರ್ಧಾನೇ ಆಗ್ಯಾವಲ್ರಿ. ಉಳಿದದ್ದು ಯಾವಾಗ?"

ನನ್ನ ಹೆಸರು, ತನ್ನ ಹೆಸರು ಬರೆಯಬಲ್ಲಳು. 'ಕಮಲಾಪುರ' ಬರೆಯಬಲ್ಲಳು. 'ಅಮ್ಮ' ಬರುತ್ತದೆ. 'ಮಸ್ತಾನಬಿ' ಹೇಗೆ ಬರೆಯುವುದೆಂದು ಕೇಳಿದಳು. ಅಂಗಳದ ಮಣ್ಣಿನಲ್ಲಿ ಸಕಾರಕ್ಕೆ ತಕಾರದ ಒತ್ತು ಕೊಟ್ಟು ತೋರಿಸಿದೆ. ಚಂದಮ್ಮ ನೋಡುತ್ತಾ ನಿಂತಿದ್ದರು, ಅಳಿಸಲಿಲ್ಲ.

೮ ಡಿಸೆಂಬರ್, ಭಾನುವಾರ. ಬೆಳಿಗ್ಗೆ

ಅಣ್ಣ ಗಾಡಿ ತಂದಿದ್ದಾನೆ. ಸುದ್ದಿ ಅವನಿಗೂ ಮುಟ್ಟಿದೆ. ನಾ ಮಾಡಿದ ರೊಟ್ಟಿ ತಲೆ ತಗ್ಗಿಸಿ ತಿಂದ. ಆಮೇಲೆ ಹೇಳಿದ — "ನಾ ಕೇಳಂಗಿಲ್ಲ ಜಯದೇವಿ. ನೀ ಮನ್ಯಾಗ ಹೇಳಬ್ಯಾಡ."

ಕಬರಸ್ತಾನಕ್ಕೆ ಹೋಗಿ ಬರುತ್ತೇನೆ ಎಂದೆ. ಶಬ್ಬೀರ್ ಕರೆದುಕೊಂಡು ಹೋದ. ಹೆಂಗಸರು ಒಳಗೆ ಹೋಗುವಂತಿಲ್ಲ. ಕಲ್ಲುಗೋಡೆಯ ಹೊರಗೆ ನಿಂತೆ. ಆಚೆ ಹೊಸ ಮಣ್ಣಿನ ದಿಬ್ಬಗಳು. ಸಾಲು ಸಾಲು. ಎಲ್ಲ ಒಂದೇ ಥರ. ಖಾಲಾದು ಯಾವುದು ಎಂದು ಕೇಳಿದೆ. ಶಬ್ಬೀರ್ ಒಂದರ ಕಡೆ ಕೈ ತೋರಿದ. ಕೈ ಇನ್ನೊಂದರ ಕಡೆ ಸರಿಯಿತು. ಆಮೇಲೆ ಕೈ ಇಳಿಸಿದ.

"ಆ ವಾರ ಭಾಳ ಮಂದಿ ಅಕ್ಕೋರೆ. ನನಗೂ ಈಗ..."

ಅತ್ತ. ನಾನು ಅಳಲಿಲ್ಲ. ಗೋಡೆ ಹಿಡಿದು ಎಲ್ಲವನ್ನೂ ನೋಡಿದೆ. ಹೇಳಬೇಕಾದದ್ದು ಬಹಳ ಇತ್ತು. ಯಾವುದರ ಕಡೆ ಮುಖ ಮಾಡಿ ಹೇಳಲಿ?

ಎತ್ತು ಕಟ್ಟಿ ಆಯಿತು. ಅಣ್ಣ ಕರೆಯುತ್ತಿದ್ದಾನೆ. ಒಳಗಿನ ಕೊಡ ಗಾಡಿಗೆ ಏರಿಸಿದ್ದಾನೆ. ಹೊರಗಿನದು ಯಾರದು, ಬಿಡಲೇ ಎಂದು ಕೇಳುತ್ತಾನೆ. ನನ್ನದೇ ಎಂದು ಹೇಳಿ ಬರುತ್ತೇನೆ.